ಕೋಲು ಕೊಡುವ ಮುನ್ನ ಅಳತೆ ನೋಡಿ

ಮಾನ್ಯ ಸಂಪಾದಕರಿಗೆ,

ಸಾಧನ-ಸಲಕರಣೆ ವಿತರಣೆಯ ಫೋಟೊಗಳು ನಮ್ಮ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಪುಟಗಳಲ್ಲಿ ಆಗಾಗ ಬರುತ್ತವೆ. ಹಿರಿಯರು ಸಾಲಾಗಿ ಕುಳಿತಿರುತ್ತಾರೆ, ಕೈಯಲ್ಲಿ ಹೊಸ ಕೋಲು ಇಲ್ಲವೇ ವಾಕರ್. ಎಷ್ಟೋ ಸಲ ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚಿರುವುದಿಲ್ಲ. ಕೊಡುವವರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ಲಾಸ್ಟಿಕ್ ಬಿಚ್ಚದ ಕೋಲು ಎಂದರೆ ಅಳತೆ ನೋಡದ ಕೋಲು. ಐದಡಿಗೂ ಕಡಿಮೆ ಎತ್ತರದ ಅಜ್ಜಿಗೂ ಆರಡಿಯ ಅಜ್ಜನಿಗೂ ಕಾರ್ಖಾನೆಯಿಂದ ಬಂದ ಎತ್ತರದಲ್ಲೇ ಅದು ಮನೆಗೆ ಹೋಗುತ್ತದೆ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವಾಗಲೂ ಬಹಳ ಕಡೆ ಹೀಗೇ ಆಗುತ್ತದೆ. 'ವಾಕರ್ ಒಂದು ತಗೊಂಡು ಬರ್ರಿ' ಎಂಬ ಮಾತು, ಮಗನೋ ಅಳಿಯನೋ ಮೆಡಿಕಲ್ ಅಂಗಡಿಯಿಂದ ತರುತ್ತಾರೆ, ಗಾಡಿ ಹತ್ತಿ ಊರಿಗೆ ಹೊರಡುತ್ತಾರೆ. ಅಳತೆ ಮಾಡಿ, ಹತ್ತು ಹೆಜ್ಜೆ ನಡೆಸಿ, ಎದ್ದು ಕೂರುವುದನ್ನು ತೋರಿಸಲು ಬೇಕಾಗುವುದು ಸುಮಾರು ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ಕೋಲಿನಷ್ಟೇ ಮುಖ್ಯ. ಅದಕ್ಕಾಗಿ ಈ ಪತ್ರ.

ಅಳತೆಗೆ ಯಂತ್ರವೇನೂ ಬೇಡ. ದಿನವೂ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ರೋಗಿ ತನ್ನಿಂದಾದಷ್ಟು ನೆಟ್ಟಗೆ ನಿಲ್ಲಬೇಕು, ಕೈ ಸಡಿಲವಾಗಿ ಇಳಿಬಿಡಬೇಕು. ಮಣಿಕಟ್ಟಿನ ಗೆರೆ ಎಲ್ಲಿದೆಯೋ ಹಿಡಿಕೆಯ ಮೇಲ್ತುದಿ ಅಲ್ಲಿಗೆ ಬರಬೇಕು. ಕೋಲು, ವಾಕರ್, ಕ್ರಚ್‌ನ ಹಿಡಿಕೆ, ಮೂರಕ್ಕೂ ಇದೇ ಲೆಕ್ಕ. ಹಿಡಿದಾಗ ಮೊಣಕೈ 20ರಿಂದ 30 ಡಿಗ್ರಿಯಷ್ಟು ಬಾಗಿರುತ್ತದೆ. ನೆಲಕ್ಕೆ ಒತ್ತಿದಾಗ ಆ ಬಾಗು ನೇರವಾಗಿಯೇ ಮೈಭಾರ ಕೈಗೆ ಬರುವುದು. ಕೋಲು ಉದ್ದವಾದರೆ ಭುಜ ಕಿವಿಯ ಕಡೆ ಏರುತ್ತದೆ, ಒತ್ತಲು ಜಾಗವೇ ಉಳಿಯದೆ ಕೋಲು ಬರೀ ಅಲಂಕಾರವಾಗುತ್ತದೆ. ಗಿಡ್ಡವಾದರೆ ಮೈ ಆ ಕಡೆಗೆ ವಾಲಿ ನಾಲ್ಕೇ ದಿನಕ್ಕೆ ಸೊಂಟ ಹಿಡಿಯುತ್ತದೆ.

ಅಲ್ಯುಮಿನಿಯಂ ಕೋಲಿನಲ್ಲಿ ಸಾಮಾನ್ಯವಾಗಿ ಇಂಚಿಗೊಂದರಂತೆ ತೂತುಗಳಿರುತ್ತವೆ. ಒಳಗಿನ ಸ್ಪ್ರಿಂಗ್ ಗುಂಡಿ ಒತ್ತಿ ಜರುಗಿಸಿದ ಮೇಲೆ ಗುಂಡಿ 'ಟಕ್' ಎಂದು ಪೂರ್ತಿ ಹೊರಗೆ ಬಂದಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಅರ್ಧ ಬಂದು ನಿಂತ ಗುಂಡಿ ಭಾರ ಬಿದ್ದ ಕೂಡಲೇ ಒಳಗೆ ಜಾರುತ್ತದೆ. ವಾಕರ್‌ನ ನಾಲ್ಕೂ ಕಾಲುಗಳಲ್ಲಿ ತೂತುಗಳನ್ನು ಎಣಿಸಿ ಸಮ ಮಾಡಬೇಕು. ಒಂದು ಕಾಲು ಒಂದು ತೂತು ಹೆಚ್ಚುಕಡಿಮೆಯಾದರೂ ಅದು ಕುಂಟುವ ಮೇಜಿನಂತೆ ಆಡುತ್ತದೆ. ಮನೆಯ ಹಳೆಯ ಕಟ್ಟಿಗೆಯ ಕೋಲಾದರೆ ಬುಡದ ರಬ್ಬರ್ ತೆಗೆದು, ಕೋಲನ್ನು ತಲೆಕೆಳಗು ಮಾಡಿ ಹಿಡಿಕೆಯನ್ನು ನೆಲಕ್ಕೂರಿ, ಮಣಿಕಟ್ಟಿನ ಮಟ್ಟಕ್ಕೆ ಗುರುತು ಹಾಕಿ. ರಬ್ಬರಿನ ಬುಡದ ದಪ್ಪವೂ ಉದ್ದಕ್ಕೆ ಸೇರುವುದರಿಂದ ಅಷ್ಟನ್ನು ಕಳೆದು ಕೊಯ್ಯಬೇಕು. ಮೊದಲ ಸಲ ಸ್ವಲ್ಪ ಉದ್ದವೇ ಇರಲಿ. ಕೊಯ್ದದ್ದನ್ನು ಮತ್ತೆ ಹಚ್ಚಲಾಗದು.

ಇನ್ನು ಯಾವ ಕೈ? 'ಯಾವ ಕಾಲು ನೋಯ್ತೈತಿ ಆ ಕಡೇನ ಹಿಡೀಬೇಕಲ್ರಿ' ಎಂಬುದು ನಮ್ಮಲ್ಲಿ ಬೇರೂರಿದ ತಿಳಿವಳಿಕೆ. ಇದು ತಪ್ಪು. ನೋವಿನ ಕಾಲು ಎಡದ್ದಾದರೆ ಕೋಲು ಬಲಗೈಯಲ್ಲಿರಬೇಕು. ಕಾರಣ ಸೊಂಟದ ಕೀಲಿನಲ್ಲಿದೆ. ಒಂದು ಕಾಲು ಎತ್ತಿದಾಗ ಮೈಭಾರವೆಲ್ಲ ಇನ್ನೊಂದು ಕಾಲಿನ ಒಳಮಗ್ಗುಲಿಗೆ ಜೋತುಬೀಳುತ್ತದೆ, ಸೊಂಟ ಎತ್ತಿದ ಕಾಲಿನ ಕಡೆಗೆ ಕುಸಿಯದಂತೆ ಊರಿದ ಕಾಲಿನ ಹೊರಮಗ್ಗುಲಿನ ಸ್ನಾಯುಗಳು ಜಗ್ಗಿ ಹಿಡಿಯುತ್ತವೆ. ಈ ಜಗ್ಗಾಟವೂ ಸೇರಿ ನಡೆಯುವಾಗ ಕೀಲಿನ ಮೇಲೆ ಮೈತೂಕದ ಎರಡೂವರೆಯಿಂದ ಮೂರು ಪಟ್ಟು ಒತ್ತಡ ಬೀಳುತ್ತದೆ. ಎದುರು ಕೈಯ ಕೋಲು ಕೀಲಿನಿಂದ ದೂರದಲ್ಲಿರುವುದರಿಂದ ಉದ್ದನೆಯ ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. ಸ್ವಲ್ಪ ಒತ್ತಿದರೂ ಸ್ನಾಯುವಿನ ಹೊರೆ ಬಹಳ ಇಳಿಯುತ್ತದೆ. ನೋವಿನ ಕಡೆಯೇ ಹಿಡಿದರೆ ಈ ಲಾಭವಿಲ್ಲ, ಮೇಲಾಗಿ ಮೈ ನೋವಿನ ಕಾಲಿನ ಮೇಲೆಯೇ ವಾಲುತ್ತದೆ. ಕೋಲು ಮತ್ತು ನೋವಿನ ಕಾಲು ಜೊತೆಯಾಗಿ ಮುಂದೆ ಹೋಗಬೇಕು, ಒಳ್ಳೆಯ ಕಾಲು ಆಮೇಲೆ. ಕೋಲು ಒಂದೊಂದು ಸಲ ಒಂದೊಂದು ಕೈಗೆ ಬದಲಾಗುತ್ತಿದ್ದರೆ ಈ ಹೊಂದಾಣಿಕೆ ಕೂಡಿಬಂದಿಲ್ಲ ಎಂದೇ ಅರ್ಥ.

ಲಕ್ವಾ ಹೊಡೆದವರು ಶಕ್ತಿ ಇರುವ ಕೈಯಲ್ಲಿ ಹಿಡಿಯುತ್ತಾರೆ, ಅದು ತಾನಾಗಿಯೇ ಎದುರು ಕೈ. ಅವರಿಗೆ ಕೊಡುವ ನಾಲ್ಕು ಕಾಲಿನ ಸ್ಟಿಕ್‌ನಲ್ಲಿ ಒಂದು ಕಡೆಯ ಕಾಲುಗಳು ಹೊರಚಾಚಿರುತ್ತವೆ, ಇನ್ನೊಂದು ಕಡೆ ನೇರ. ನೇರ ಇರುವ ಕಡೆ ಮೈ ಪಕ್ಕಕ್ಕೆ, ಚಾಚಿದ ಕಡೆ ಹೊರಕ್ಕೆ. ಇದು ತಿರುಗುಮುರುಗಾದರೆ ರೋಗಿ ತನ್ನ ಸ್ಟಿಕ್‌ನ ಕಾಲನ್ನೇ ಎಡವುತ್ತಾರೆ. ಹಿಡಿಕೆಯನ್ನು ತಿರುಗಿಸಿ ಎಡಗೈಗೂ ಬಲಗೈಗೂ ಹೊಂದಿಸಬಹುದು, ಕೊಡುವವರು ಅಷ್ಟು ಮಾಡಿಯೇ ಕೊಡಬೇಕು. ನಾಲ್ಕೂ ತುದಿಗಳು ಒಟ್ಟಿಗೆ ನೆಲ ಮುಟ್ಟದ ತಗ್ಗುದಿನ್ನೆಯಲ್ಲಿ ಈ ಸ್ಟಿಕ್ ಸಾದಾ ಕೋಲಿಗಿಂತ ಅಪಾಯಕಾರಿ.

ಯಾರಿಗೆ ಯಾವುದು ಎಂಬುದೂ ಅಂದಾಜಿನ ಮಾತಲ್ಲ. ಒಂದು ಕೋಲು ಮೈತೂಕದ ಸುಮಾರು ಕಾಲು ಭಾಗಕ್ಕಿಂತ ಹೆಚ್ಚು ಹೊರಲಾರದು. ಕಾಲಿನ ಮೇಲೆ ಭಾರವನ್ನೇ ಹಾಕಬಾರದು ಎಂದು ವೈದ್ಯರು ಹೇಳಿದವರಿಗೆ ಕೋಲು ಕೊಟ್ಟರೆ ಪ್ಲೇಟು, ರಾಡು ಹಾಕಿದ ಎಲುಬು ಜರುಗುವ ಅಪಾಯವಿದೆ. ಅವರಿಗೆ ಎರಡು ಕ್ರಚ್ ಅಥವಾ ವಾಕರ್ ಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ 'ನಾನ್ ವೇಟ್ ಬೇರಿಂಗ್', 'ಟೋ ಟಚ್', 'ಪಾರ್ಶಿಯಲ್' ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ, ಮನೆಯಲ್ಲಿ ಓದುವವರಿಗೆ ಅದರ ತಲೆಬುಡ ತಿಳಿಯುವುದಿಲ್ಲ. ಪಕ್ಕದಲ್ಲಿ ಕನ್ನಡದ ಒಂದು ಸಾಲು ಬರೆಯುವುದು ಕಷ್ಟವೇ? 'ಕಾಲು ನೆಲಕ್ಕೆ ತಾಗಬಾರದು.' 'ಬಿಸಿಲಿಗೆ ಹಾಕಿದ ಹಪ್ಪಳದ ಮೇಲೆ ಪಾದ ಇಟ್ಟಂತೆ ಇಡಬೇಕು, ಹಪ್ಪಳ ಮುರಿಯಬಾರದು.' 'ಮೂರರಲ್ಲಿ ಒಂದು ಪಾಲು ಭಾರ ಹಾಕಬಹುದು.' ಮೂರರಲ್ಲಿ ಒಂದು ಪಾಲು ಎಂದರೆ 60 ಕೆ.ಜಿ. ತೂಕದವರಿಗೆ 20 ಕೆ.ಜಿ. ಆಗುತ್ತದೆ. ತೂಕದ ಯಂತ್ರದ ಮೇಲೆ ನೋವಿನ ಕಾಲನ್ನಿಟ್ಟು, ಪಕ್ಕದಲ್ಲಿ ಅಷ್ಟೇ ಎತ್ತರದ ಹಲಗೆಯ ಮೇಲೆ ಇನ್ನೊಂದು ಕಾಲನ್ನಿಟ್ಟು, ಮುಳ್ಳು 20ಕ್ಕೆ ಬರುವವರೆಗೆ ನಾಲ್ಕಾರು ಸಲ ಒತ್ತಿಸಿದರೆ ಅಷ್ಟು ಭಾರ ಎಂದರೆ ಎಷ್ಟು ಎಂಬುದನ್ನು ಕಾಲೇ ಕಲಿಯುತ್ತದೆ. ಬಾಯಿಮಾತಿನಲ್ಲಿ ಇದನ್ನು ಕಲಿಸಲಾಗದು.

ಕಂಕುಳಿನ ಕ್ರಚ್ ವಿಷಯದಲ್ಲಿ ಆಗುವ ಹಾನಿ ಎಲ್ಲಕ್ಕಿಂತ ಹೆಚ್ಚು, ಯಾಕೆಂದರೆ ಹೆಸರೇ ದಾರಿ ತಪ್ಪಿಸುತ್ತದೆ. ಕಂಕುಳಿನ ಕ್ರಚ್ ಎಂದರೆ ಕಂಕುಳಲ್ಲಿ ಜೋತುಬೀಳುವುದಕ್ಕೆ ಎಂದೇ ಜನ ತಿಳಿಯುತ್ತಾರೆ. ಮೇಲಿನ ದಿಂಬಿಗೂ ಕಂಕುಳಿಗೂ ನಡುವೆ ಎರಡು-ಮೂರು ಬೆರಳು, ಅಂದರೆ ಸುಮಾರು 5 ಸೆಂ.ಮೀ. ಜಾಗ ಇರಬೇಕು. ಅಳತೆ ಮಾಡುವಾಗ ಕ್ರಚ್‌ನ ತುದಿ ಪಾದದ ಕಿರುಬೆರಳಿನಿಂದ ಸುಮಾರು ಆರು ಇಂಚು ಮುಂದೆ, ಪಕ್ಕಕ್ಕಿರಲಿ. ದಿಂಬನ್ನು ಪಕ್ಕೆಲುಬಿಗೆ ಒತ್ತಿ ಹಿಡಿಯಬೇಕು, ಭಾರವೆಲ್ಲ ಅಂಗೈಗೆ. ಕಂಕುಳಿನಲ್ಲಿ ಭಾರ ಹಾಕುತ್ತಾ ಹೋದರೆ ಅಲ್ಲಿ ಹಾಯ್ದುಹೋಗುವ ನರ ಎಲುಬಿಗೂ ದಿಂಬಿಗೂ ಸಿಕ್ಕಿ ಅದುಮಿಹೋಗುತ್ತದೆ. ಮೊದಲು ಕೈ ಜೋಮು ಹಿಡಿಯುತ್ತದೆ, ಆಮೇಲೆ ಮಣಿಕಟ್ಟು ಮೇಲೆತ್ತಲು ಬಾರದೆ ಅಂಗೈ ಜೋತುಬೀಳುತ್ತದೆ. ಕಾಲಿಗೆಂದು ಕೊಟ್ಟ ಸಾಧನದಿಂದ ಕೈ ಹೋಯಿತು. ಒತ್ತಡ ತಪ್ಪಿಸಿದರೆ ಇದು ಸಾಮಾನ್ಯವಾಗಿ ವಾರಗಳಲ್ಲೋ ತಿಂಗಳುಗಳಲ್ಲೋ ಮರಳುತ್ತದೆ, ಆದರೆ ಅಷ್ಟು ದಿನ ಆ ರೋಗಿ ಕ್ರಚ್ ಹಿಡಿಯುವುದಾದರೂ ಹೇಗೆ? ಕಂಕುಳು ನೋಯುತ್ತದೆಂದು ದಿಂಬಿಗೆ ಹಳೆಯ ಬಟ್ಟೆ, ಹತ್ತಿ ಸುತ್ತಿರುವುದು ಕಂಡರೆ ಕ್ರಚ್ ಉದ್ದವಾಗಿದೆ ಅಥವಾ ಭಾರ ತಪ್ಪು ಜಾಗಕ್ಕೆ ಬೀಳುತ್ತಿದೆ ಎಂದೇ ತಿಳಿಯಬೇಕು. ಬಟ್ಟೆ ಸುತ್ತಿದಷ್ಟೂ ಎತ್ತರ ಇನ್ನೂ ಹೆಚ್ಚಿ ನರಕ್ಕೆ ಇನ್ನಷ್ಟು ಒತ್ತುತ್ತದೆ. ಕಟ್ಟಿಗೆಯ ಕ್ರಚ್‌ನಲ್ಲಿ ಚಿಟ್ಟೆ ನಟ್ಟುಗಳು ಆಗಾಗ ಸಡಿಲಾಗುತ್ತವೆ, ಕೈಯಲ್ಲೇ ಬಿಗಿ ಮಾಡಬಹುದು.

ವಾಕರ್ ಎಲ್ಲಕ್ಕಿಂತ ಭದ್ರ ಎಂಬ ನಂಬಿಕೆಯಿದೆ. ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಅದು ನಿಜ. ವಾಕರ್ ಎತ್ತಿ ಒಂದು ಮೊಳದಷ್ಟು ಮುಂದಿಡಬೇಕು, ನಾಲ್ಕೂ ಕಾಲು ಊರಿದ ಮೇಲೆ ನೋವಿನ ಕಾಲು, ಆಮೇಲೆ ಕೈಗೆ ಭಾರ ಕೊಟ್ಟು ಒಳ್ಳೆಯ ಕಾಲು. ಮುಂದಿನ ಅಡ್ಡಪಟ್ಟಿಗೆ ತಾಗುವಷ್ಟು ಒಳಗೆ ನಡೆದರೆ ಮೈ ಹಿಂದಕ್ಕೆ ವಾಲುತ್ತದೆ, ವಾಕರನ್ನು ಬಹಳ ದೂರ ಇಟ್ಟರೆ ಬೆನ್ನು ಬಾಗಿ ಮುಂದಕ್ಕೆ ಮುಗ್ಗರಿಸುತ್ತದೆ. ಮಡಚುವ ವಾಕರ್ ಬಿಚ್ಚಿದಾಗ ಎರಡೂ ಕಡೆ ಲಾಕ್ ಬಿದ್ದ ಸದ್ದು ಕೇಳಬೇಕು. ಮುಂದಿನ ಪಟ್ಟಿಗೆ ಕಾಯಿಪಲ್ಲೆಯ ಚೀಲ, ನೀರಿನ ಬಾಟಲಿ ತೂಗುಹಾಕಬಾರದು, ಭಾರಕ್ಕೆ ಅದು ಮುಂದಕ್ಕೆ ಮಗುಚುತ್ತದೆ. ಬೇಕಾದ್ದಕ್ಕೆ ಹೆಗಲಿಗೆ ಅಡ್ಡಲಾಗಿ ಹಾಕುವ ಬಟ್ಟೆಯ ಚೀಲ ಸಾಕು. ಮೈ ನಡುಗಿ ಚಲನೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆ ಇರುವವರಿಗೆ ಎತ್ತಿಡುವ ವಾಕರ್ ಬಹಳ ಸಲ ಹೊಂದುವುದಿಲ್ಲ. ಎತ್ತುವ ಕ್ಷಣದಲ್ಲಿ ನಡಿಗೆಯ ಲಯ ಕಡಿದು ಕಾಲು ನೆಲಕ್ಕೆ ಅಂಟಿದಂತಾಗುತ್ತದೆ, ಮೈ ಹಿಂದಕ್ಕೆ ಹೋಗುತ್ತದೆ. ಅವರಿಗೆ ಮುಂದೆ ಚಕ್ರವಿರುವುದನ್ನು ಫಿಸಿಯೋಥೆರಪಿಸ್ಟರ ಎದುರೇ ನಡೆಸಿ ನೋಡಿ ಕೊಡಬೇಕು.

ಎದ್ದೇಳುವಾಗ ವಾಕರ್ ಹಿಡಿದು ಜಗ್ಗುವುದು ಎಲ್ಲ ಮನೆಗಳಲ್ಲೂ ನಡೆಯುವ ತಪ್ಪು. ಜಗ್ಗಿದಾಗ ಅದು ರೋಗಿಯ ಮೇಲೆಯೇ ಬರುತ್ತದೆ. ಮಂಚದ ಅಂಚನ್ನೋ ಕುರ್ಚಿಯ ತೋಳನ್ನೋ ಒತ್ತಿ ಏಳಬೇಕು, ನಿಂತ ಮೇಲೆ ಒಂದೊಂದೇ ಕೈ ವಾಕರ್‌ಗೆ. ಕೂರುವಾಗ ಹಿಂದೆ ಹಿಂದೆ ಸರಿದು, ಎರಡೂ ಮೊಣಕಾಲಿನ ಹಿಂಬದಿಗೆ ಕುರ್ಚಿ ತಾಗಿದ ಮೇಲೆ ಕೈಯನ್ನು ಹಿಂದಕ್ಕೆ ಚಾಚಿ ತೋಳು ಹುಡುಕಬೇಕು. ಪ್ಲಾಸ್ಟಿಕ್ ಕುರ್ಚಿಯಾದರೆ ಗೋಡೆಗೆ ಆನಿಸಿಡಿ. ಮಲಗಿದ್ದವರನ್ನು ನೇರ ಎಬ್ಬಿಸಿ ನಡೆಸಬೇಡಿ. ಒಂದೆರಡು ನಿಮಿಷ ಮಂಚದ ಅಂಚಿನಲ್ಲಿ ಕೂರಿಸಿ ಪಾದವನ್ನು ಮೇಲೆ-ಕೆಳಗೆ ಹತ್ತು ಸಲ ಆಡಿಸಲಿ, ನಿಂತು ಇಪ್ಪತ್ತು ಎಣಿಸಲಿ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೂ ಬಹುದಿನದ ಸಕ್ಕರೆ ಕಾಯಿಲೆಯವರಿಗೂ ನಿಂತ ಕೂಡಲೇ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುವುದುಂಟು. ತಲೆ ತಿರುಗಿದರೆ ಅಲ್ಲೇ ಕೂರಿಸಿಬಿಡಿ.

ಹಿಡಿದು ನಡೆಸುವವರ ಬಗ್ಗೆ ಎರಡು ಮಾತು ಹೆಚ್ಚೇ ಬರೆಯಬೇಕು, ಏಕೆಂದರೆ ಪ್ರೀತಿಯಿಂದಲೇ ತಪ್ಪಾಗುತ್ತದೆ. ಮಗಳು ಎದುರು ನಿಂತು ಎರಡೂ ಕೈ ಹಿಡಿದು ಹಿಂದಕ್ಕೆ ನಡೆಯುತ್ತಾ 'ಬಾರವ್ವಾ, ಬಾ' ಎಂದು ಕರೆಯುತ್ತಾಳೆ. ಆಗ ತಾಯಿಯ ಮೈಯೆಲ್ಲ ಮುಂದಕ್ಕೆ ವಾಲಿ ಕಾಲು ಹಿಂದೆ ಉಳಿಯುತ್ತದೆ, ಮಗಳ ಬೆನ್ನ ಹಿಂದೆ ಏನಿದೆ ಎಂಬುದು ಮಗಳಿಗೆ ಕಾಣದು. ನಿಲ್ಲಬೇಕಾದ್ದು ದುರ್ಬಲ ಕಾಲಿನ ಕಡೆಗೆ, ಅರ್ಧ ಹೆಜ್ಜೆ ಹಿಂದೆ. ಸೊಂಟಕ್ಕೆ ಎರಡು ಇಂಚು ಅಗಲದ ಗಟ್ಟಿ ಬೆಲ್ಟು ಕಟ್ಟಿ, ಬೆನ್ನ ಹಿಂದೆ ಅಂಗೈ ಮೇಲ್ಮುಖವಾಗಿ ಅದನ್ನು ಹಿಡಿಯಬೇಕು, ಇನ್ನೊಂದು ಕೈ ಭುಜದ ಮುಂದೆ ಬರೀ ಆಸರೆಗೆ. ಬೆಲ್ಟಿನೊಳಗೆ ಎರಡು ಬೆರಳು ತೂರುವಷ್ಟು ಸಡಿಲಿರಲಿ. ಹೊಟ್ಟೆಯ ಆಪರೇಷನ್ ಆಗಿದ್ದರೆ ವೈದ್ಯರನ್ನು ಕೇಳದೆ ಬೆಲ್ಟು ಕಟ್ಟಬಾರದು. ಸೀರೆಯ ಗಂಟು, ಲುಂಗಿ, ಧೋತರದ ಕಚ್ಚೆ ಹಿಡಿದರೆ ಬೀಳುವಾಗ ಬಟ್ಟೆ ಮಾತ್ರ ಕೈಯಲ್ಲಿ ಉಳಿಯುತ್ತದೆ. ಲಕ್ವಾ ಹೊಡೆದ ಕೈಯನ್ನಂತೂ ಎಂದೂ ಹಿಡಿದು ಎಳೆಯಬಾರದು. ಭುಜದ ಸ್ನಾಯುಗಳಲ್ಲಿ ಬಿಗಿ ಇಲ್ಲದ್ದರಿಂದ ಕೀಲು ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಬಿಡುವುದಿಲ್ಲ.

ಬೀಳುತ್ತಿದ್ದವರನ್ನು ಎತ್ತಿ ಹಿಡಿಯಲು ಹೋದರೆ ಇಬ್ಬರೂ ಬೀಳುತ್ತೀರಿ. ನಿಮ್ಮ ಕಾಲು ಅಗಲಿಸಿ, ಅವರನ್ನು ನಿಮ್ಮ ಮೈಗೆ ಒರಗಿಸಿಕೊಂಡು, ನಿಮ್ಮ ತೊಡೆಯ ಮೇಲಿನಿಂದ ನಿಧಾನ ನೆಲಕ್ಕೆ ಜಾರಿಸಿ, ತಲೆ ಕಾಯಿರಿ. ಬಿದ್ದ ಮೇಲೆ ಅವಸರದಲ್ಲಿ ಎತ್ತಿ ನಿಲ್ಲಿಸಬೇಡಿ. ಒಂದು ಕಾಲು ಗಿಡ್ಡವಾದಂತೆ, ಪಾದ ಹೊರಕ್ಕೆ ತಿರುಗಿದಂತೆ ಕಂಡರೆ, ಅಲುಗಾಡಿಸಿದರೆ ತೊಡೆಸಂದಿನಲ್ಲಿ ನೋವೆಂದರೆ, ಎಲುಬು ಮುರಿದಿರಬಹುದು. ಮಲಗಿಸಿದಲ್ಲೇ ಇಟ್ಟು 108ಕ್ಕೆ ಕರೆ ಮಾಡಿ.

ಮೆಟ್ಟಿಲಿನ ನಿಯಮ ಚಿಕ್ಕದು. ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು, ಕೋಲು ಯಾವಾಗಲೂ ನೋವಿನ ಕಾಲಿನ ಸಂಗಡ. ಎತ್ತುವ ಕೆಲಸವೂ ಇಳಿಸುವ ಕೆಲಸವೂ ಒಳ್ಳೆಯ ಕಾಲಿನದೇ ಆಗಿರಲಿ ಎಂಬುದಷ್ಟೇ ಇದರ ಗುಟ್ಟು. ಕಂಬಿ ಇದ್ದರೆ ಒಂದು ಕೈ ಕಂಬಿಗೆ. ಜೊತೆಯವರು ಸದಾ ಕೆಳಗಿನ ಮೆಟ್ಟಿಲಲ್ಲಿರಬೇಕು: ಏರುವಾಗ ಹಿಂದೆ, ಇಳಿಯುವಾಗ ಮುಂದೆ. ವಾಕರನ್ನು ಮೆಟ್ಟಿಲ ಸಾಲಿನಲ್ಲಿ ಬಳಸಲೇಬಾರದು.

ನಮ್ಮ ಕಡೆಯ ಮನೆಗಳಿಗೆ ಆಸ್ಪತ್ರೆಯ ನುಣುಪು ವಾರ್ಡಿನ ಪಾಠ ಸಾಲದು. ಹಳೆಯ ಮನೆಗಳಲ್ಲಿ ಅಂಗಳದಿಂದ ಕಟ್ಟೆ, ಕಟ್ಟೆಯಿಂದ ಪಡಸಾಲೆ, ಪ್ರತಿ ಬಾಗಿಲಿಗೂ ಎತ್ತರದ ಹೊಸ್ತಿಲು. ಹೊಸ್ತಿಲಿನ ಆಚೆ ಮುಂದಿನ ಎರಡು ಕಾಲು, ಈಚೆ ಹಿಂದಿನ ಎರಡು ಕಾಲು ಇಟ್ಟು ವಾಕರ್ ಮೇಲೆ ಭಾರ ಹಾಕಿದರೆ ಅದು ಹೊರಳುತ್ತದೆ. ಹೊಸ್ತಿಲಿಗೆ ತೀರ ಹತ್ತಿರ ಬಂದು, ವಾಕರನ್ನು ಇಡಿಯಾಗಿ ಆಚೆ ಇಟ್ಟು, ಆಮೇಲೆ ದಾಟಬೇಕು. ಬಚ್ಚಲು, ಪಾಯಖಾನೆಯ ಬಾಗಿಲು ಎರಡಡಿಯಷ್ಟೇ ಇದ್ದರೆ ವಾಕರ್ ಒಳಗೆ ಹೋಗದೆ ರೋಗಿ ಅದನ್ನು ಹೊರಗೆ ಬಿಟ್ಟು ಗೋಡೆ ಹಿಡಿದು ನಡೆಯುತ್ತಾರೆ. ಎಲ್ಲಕ್ಕಿಂತ ಜಾರುವ ಜಾಗದಲ್ಲಿ ಆಸರೆಯೇ ಇಲ್ಲ. ಆದ್ದರಿಂದ ಕೊಳ್ಳುವ ಮೊದಲು ಮನೆಯವರು ಬಾಗಿಲುಗಳನ್ನು ಟೇಪು ಹಿಡಿದು ಅಳೆಯಬೇಕು. ಬಚ್ಚಲ ಗೋಡೆಗೆ ಸಿಮೆಂಟಿನಲ್ಲಿ ಕೂರಿಸಿದ ಕಬ್ಬಿಣದ ಹಿಡಿ ಬೇಕು, ಟವೆಲ್ ಹಾಕುವ ರಾಡು ಮೈಭಾರಕ್ಕೆ ಕಿತ್ತುಬರುತ್ತದೆ. ರಾತ್ರಿಗೆ ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿಯೋ ಮೂತ್ರದ ಪಾತ್ರೆಯೋ ಇರಲಿ, ವಾಕರ್ ಕೈಗೆ ಸಿಗುವಂತಿರಲಿ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವಂಥದ್ದು ಬೇಕು. ಸೀರೆ, ಲುಂಗಿ ಪಾದದ ಗಂಟಿನ ಮೇಲೆ ನಿಲ್ಲಬೇಕು.

ಇಷ್ಟೆಲ್ಲ ಸರಿಯಿದ್ದೂ ಬೀಳಿಸುವ ವಸ್ತು ಒಂದಿದೆ. ಅದು ಬುಡದ ರಬ್ಬರ್ ಬುಷ್. ಹೊಸದರ ತಳದಲ್ಲಿ ಸುತ್ತುಸುತ್ತಾಗಿ ಗೆರೆಗಳಿರುತ್ತವೆ, ಗಾಡಿಯ ಟೈರಿನಂತೆ ಅವೇ ನೆಲ ಹಿಡಿಯುವುದು. ಗೆರೆ ಸವೆದು ನುಣುಪಾದರೆ, ಒಂದು ಮಗ್ಗುಲು ಮಾತ್ರ ಸವೆದರೆ, ರಬ್ಬರ್ ಬಿರಿದು ಗಟ್ಟಿಯಾದರೆ, ಒಳಗಿನ ಕೊಳವೆ ಇಣುಕಿದರೆ ಅಂದೇ ಬದಲಿಸಬೇಕು. ಕೊಳವೆಯ ದಪ್ಪಕ್ಕೆ ತಕ್ಕಂತೆ 19, 22, 25 ಮಿ.ಮೀ. ಹೀಗೆ ಬುಷ್ ಅಳತೆಗಳಿರುತ್ತವೆ, ಹಳೆಯದನ್ನು ತೆಗೆದುಕೊಂಡು ಹೋದರೆ ತಪ್ಪುವುದಿಲ್ಲ. ಕುರ್ಚಿ ಕಾಲಿನ ಪ್ಲಾಸ್ಟಿಕ್ ಟೋಪಿ ಹಾಕಿದರೆ ಟೈಲ್ಸ್ ಮೇಲೆ ಜಾರುವುದು ಖಂಡಿತ. ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಬುಷ್‌ಗೆ ಮೆತ್ತಿ ಗೆರೆಗಳನ್ನೆಲ್ಲ ಮುಚ್ಚುತ್ತದೆ. ಕಾಲು ಒರೆಸುವಲ್ಲೇ ಕೋಲಿನ ಬುಡವನ್ನೂ ಒರೆಸಿ ಒಳಬರುವ ರೂಢಿಯಾಗಲಿ.

ಕೋಲು ಬಿಡುವುದು ಯಾವಾಗ ಎಂದು ಎಲ್ಲರೂ ಕೇಳುತ್ತಾರೆ. ಕೋಲಿಲ್ಲದೆ ನಡೆದಾಗ ಕುಂಟುತ್ತಿದ್ದರೆ ಇನ್ನೂ ಬಿಡುವ ಕಾಲ ಬಂದಿಲ್ಲ. ಮದುವೆ ಮುಂಜಿಯಲ್ಲಿ ನಾಲ್ಕು ಜನ ನೋಡುತ್ತಾರೆಂದು ಕೋಲು ಮನೆಯಲ್ಲಿ ಬಿಟ್ಟುಹೋಗುವ ಹಿರಿಯರಿಗೆ ಮಕ್ಕಳೇ ಧೈರ್ಯ ಹೇಳಬೇಕು.

ಊರೊಳಗೆ ಓಡಾಡುವ ಮಾತು ಬಂದರೆ, ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟದಲ್ಲಿರುವುದು ಕೋಲು ಹಿಡಿದವರಿಗೆ ದೊಡ್ಡ ಉಪಕಾರ. ಸಾದಾ ಬಸ್ಸುಗಳ ಮೊದಲ ಮೆಟ್ಟಿಲು ಬಹಳ ಎತ್ತರ. ಚಾಲಕರು ಕಟ್ಟೆಗೆ ತೀರ ಹತ್ತಿರ ನಿಲ್ಲಿಸಿದರೆ, ಕೋಲಿನವರು ಕುಳಿತ ಮೇಲೆ ನಿರ್ವಾಹಕರು ಸೀಟಿ ಊದಿದರೆ ಅರ್ಧ ಕಷ್ಟ ಕಡಿಮೆ. ಕಚೇರಿಗಳ ಇಳಿಜಾರು ದಾರಿ ಒಂದಡಿ ಏರಿಗೆ ಹನ್ನೆರಡಡಿ ಉದ್ದ ಇರಬೇಕು. ಜಾಗ ಸಾಲದೆಂದು ನಾಲ್ಕೈದು ಅಡಿಯಲ್ಲಿ ಮುಗಿಸಿದ ಕಡಿದಾದ ಇಳಿಜಾರಿಗಿಂತ ಕಂಬಿ ಇರುವ ಮೂರು ಮೆಟ್ಟಿಲು ಕೋಲಿನವರಿಗೆ ಎಷ್ಟೋ ವಾಸಿ.

2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ 60 ದಾಟಿದ ಬಡ ಹಿರಿಯರಿಗೆ ಕೋಲು, ಎಲ್ಬೋ ಕ್ರಚ್ (ಮುಂಗೈಗೆ ಆಸರೆಯ ಪಟ್ಟಿ ಇರುವ ಕ್ರಚ್), ವಾಕರ್ ಉಚಿತವಾಗಿ ಸಿಗುತ್ತವೆ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯೂ ಸಂಘ-ಸಂಸ್ಥೆಗಳೂ ಶಿಬಿರ ಮಾಡುತ್ತವೆ. ಅವರೆಲ್ಲರಲ್ಲಿ ನಮ್ಮ ಬೇಡಿಕೆ ಇಷ್ಟೇ. ವೇದಿಕೆಯ ಪಕ್ಕದಲ್ಲಿ ಒಂದು ಮೇಜು ಹಾಕಿ: ಅಳತೆಯ ಟೇಪು, ಮೂರು ಅಳತೆಯ ಬುಷ್‌ಗಳು, ಒಂದು ಗರಗಸ, ತೋಳಿರುವ ಒಂದು ಕುರ್ಚಿ, ಎರಡು ಮೆಟ್ಟಿಲಿನ ಒಂದು ಪೆಟ್ಟಿಗೆ, ಒಬ್ಬ ಫಿಸಿಯೋಥೆರಪಿಸ್ಟ್. ಫಲಾನುಭವಿ ಅಲ್ಲಿ ಕೂತು ಎದ್ದು, ಹತ್ತು ಹೆಜ್ಜೆ ನಡೆದು, ಮೆಟ್ಟಿಲು ಹತ್ತಿ ಇಳಿದ ಮೇಲೆ ಹೆಸರಿನ ಮುಂದೆ ಗುರುತು ಹಾಕಿ. ಪ್ರತಿಯೊಬ್ಬರ ಕೈಗೂ ಒಂದು ಜೊತೆ ಹೆಚ್ಚಿನ ಬುಷ್ ಕೊಟ್ಟು ಕಳಿಸಿ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ಅರ್ಧ ದಿನದ ತರಬೇತಿ ಕೊಟ್ಟರೆ, ತಿಂಗಳ ನಂತರ ಮನೆಗೆ ಹೋಗಿ ಕೋಲು ಯಾವ ಕೈಯಲ್ಲಿದೆ, ಬುಡ ಸವೆದಿದೆಯೇ, ಹೊಸ್ತಿಲು ದಾಟುತ್ತಿದ್ದಾರೆಯೇ ಎಂದು ಅವರೇ ನೋಡಿ ಬರಬಲ್ಲರು. ಆಸ್ಪತ್ರೆಗಳಲ್ಲಿ ಈ ಇಪ್ಪತ್ತು ನಿಮಿಷವನ್ನು ಡಿಸ್ಚಾರ್ಜ್ ದಿನಕ್ಕೆ ಬಿಡದೆ ಹಿಂದಿನ ದಿನವೇ, ಮನೆಯಲ್ಲಿ ನೋಡಿಕೊಳ್ಳುವವರನ್ನು ಎದುರಿಗೆ ನಿಲ್ಲಿಸಿಕೊಂಡು, ಅವರ ಕೈಯಲ್ಲೇ ಬೆಲ್ಟು ಹಿಡಿಸಿ ಮಾಡಿಸಲಿ.

ಇತಿ,
ಕೆಲವು ಫಿಸಿಯೋಥೆರಪಿಸ್ಟರು, ಹುಬ್ಬಳ್ಳಿ-ಧಾರವಾಡ